ಮಡಗಾಂವ್ ಹಿತ್ತಿಲಿಂದ ಎನ್‌ಜಿಸಿ 3532: ತೆಗೆದವರು ಹೇಳಿ

ಮಡಗಾಂವ್‌ನಿಂದ ಕೇಳುತ್ತಿದ್ದೇನೆ. ಹಿತ್ತಿಲಲ್ಲಿ ದಕ್ಷಿಣಕ್ಕೆ ಎರಡು ತೆಂಗಿನ ಮರ, ಅದರಾಚೆ ಬೀದಿದೀಪ. ಹಳೆಯ ಡಿಎಸ್‌ಎಲ್‌ಆರ್, 135 ಎಂಎಂ ಲೆನ್ಸ್, ಟ್ರೈಪಾಡ್ ಇವೆ. ನಕ್ಷತ್ರಗಳ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಇಲ್ಲ. ದಕ್ಷಿಣ ಆಕಾಶದ ಕರೀನಾ ನಕ್ಷತ್ರಪುಂಜದಲ್ಲಿರುವ ಎನ್‌ಜಿಸಿ 3532 ನಕ್ಷತ್ರಗುಚ್ಛ ಫೋಟೊದಲ್ಲಿ ಸಿಗುತ್ತದಾ? ಎರಡು ರಾತ್ರಿ ಬರೀ ಕಿತ್ತಳೆ ಮಬ್ಬು ಬಂತು.

ವಾಸ್ಕೋದಿಂದ:
ಸಿಗುತ್ತದೆ ಸರ್, ಬಿಡಬೇಡಿ. ಹೋದ ಏಪ್ರಿಲ್‌ನಲ್ಲಿ ಇಂಥದೇ ಸಾಮಾನಿನಲ್ಲಿ ನಾನು ತೆಗೆದಿದ್ದೇನೆ. ಹೊತ್ತು ಮುಖ್ಯ. ಗೋವಾದಲ್ಲಿ ಇದು ಎಷ್ಟೇ ಮೇಲೇರಿದರೂ ದಿಗಂತದಿಂದ 16 ಡಿಗ್ರಿ, ಕೈ ಚಾಚಿ ಹಿಡಿದ ಒಂದೂವರೆ ಮುಷ್ಟಿ ಅಷ್ಟೆ. ಅಲ್ಲಿಂದ ಬರುವ ಬೆಳಕು ನೆತ್ತಿಯ ಮೇಲಿಂದ ಬರುವುದಕ್ಕಿಂತ ಮೂರೂವರೆ ಪಟ್ಟು ಗಾಳಿ ದಾಟಬೇಕು. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ ನೇರ ದಕ್ಷಿಣಕ್ಕೆ ಬರುತ್ತದೆ. ಅಮಾವಾಸ್ಯೆಯ ಆಚೀಚೆ ದಿನ ನೋಡಿಕೊಳ್ಳಿ. ದೀಪಕ್ಕೆ ಗೋಡೆ ಅಡ್ಡ ಬರುವ ಹಾಗೆ ನಿಲ್ಲಿ.

ನಾನು ಮೊದಲು 10 ಸೆಕೆಂಡ್ ಇಟ್ಟೆ. ಚುಕ್ಕಿಗಳೆಲ್ಲ ಗೆರೆಯಾದವು, ಆಕಾಶ ಬೆಳ್ಳಗಾಯಿತು. ಆಮೇಲೆ ಐಎಸ್‌ಒ 1600, 2 ಸೆಕೆಂಡ್, ಅಂಥ 300 ಫೋಟೊ. ಒಟ್ಟು 10 ನಿಮಿಷದ ಬೆಳಕು. ಆಕಾಶದ ದಕ್ಷಿಣ ಧ್ರುವಕ್ಕೆ ಹತ್ತಿರವಾದಷ್ಟೂ ನಕ್ಷತ್ರಗಳು ನಿಧಾನ ಸರಿಯುತ್ತವೆ. ಮಹಾವ್ಯಾಧನ (ಓರಿಯನ್) ನಡುಪಟ್ಟಿಗೆ ಹೋಲಿಸಿದರೆ ಇಲ್ಲಿ ವೇಗ ಅರ್ಧ. ಟ್ರ್ಯಾಕರ್ ಇಲ್ಲದವರಿಗೆ ಇದು ದೊಡ್ಡ ಅನುಕೂಲ. ಕ್ಯಾಮೆರಾದ ಸ್ವಂತ ಕಲೆ-ಚುಕ್ಕಿಗಳನ್ನು ಆಮೇಲೆ ಕಳೆಯಲು, ಲೆನ್ಸ್ ಮುಚ್ಚಿ ಅದೇ 2 ಸೆಕೆಂಡ್‌ನ 30 ಫೋಟೊ ತೆಗೆದಿಡಿ. ಎಲ್ಲವನ್ನೂ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಸೇರಿಸಿ, ಕಿತ್ತಳೆ ಮಬ್ಬನ್ನು ಸಿರಿಲ್‌ನಲ್ಲಿ ಕಳೆಯಿರಿ. ಎರಡೂ ಉಚಿತ ಸಾಫ್ಟ್‌ವೇರ್. ಬಿಳಿ ಚುಕ್ಕಿಗಳ ಮಧ್ಯೆ ಕಿತ್ತಳೆ ದೈತ್ಯ ನಕ್ಷತ್ರಗಳು ಎದ್ದು ಬಂದಾಗ ನಾನು ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. 1990ರ ಮೇ 20ರಂದು ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಮೊದಲ ಫೋಟೊ ಕೂಡ ಇದೇ ಗುಚ್ಛದ್ದು!

ಮುಂಬೈನಿಂದ:
ನಮಗೆ ದಕ್ಷಿಣಕ್ಕೆ ಕಟ್ಟಡ, ಇದು ಕಾಣುವುದೇ ಇಲ್ಲ. ಬೆಳಗಿನ ಜಾವ ವೃಶ್ಚಿಕದ ಕೊಂಡಿಯ ಹತ್ತಿರ ಎಂ7 ಅನ್ನುವ ಇನ್ನೊಂದು ಗುಚ್ಛ ತೆಗೆಯುತ್ತೇನೆ. ನಿಮಗೆ ಅದು 40 ಡಿಗ್ರಿ ಮೇಲಿರುತ್ತದೆ. ಮೊದಲು ಅದರಲ್ಲಿ ಕೈ ಪಳಗಿಸಿಕೊಳ್ಳಿ.

ಪುಣೆಯಿಂದ:
ನಮ್ಮಲ್ಲಿ ಎನ್‌ಜಿಸಿ 3532 ಏರುವುದು ಬರೀ 13 ಡಿಗ್ರಿ. ಮೊದಲ ಸಲ ನನಗೆ ಗುರುತೇ ತಪ್ಪಿತ್ತು. ರಾತ್ರಿ ಎಂಟೂವರೆಗೆ ದಕ್ಷಿಣದಲ್ಲಿ ಶಿಲುಬೆ ಆಕಾರದ ನಕ್ಷತ್ರಗಳು ಕಂಡವು, ತ್ರಿಶಂಕು (ಸದರ್ನ್ ಕ್ರಾಸ್) ಅಂದುಕೊಂಡೆ. ಅದು ತ್ರಿಶಂಕುವಿನ ಹಾಗೇ ಕಾಣುವ ‘ಸುಳ್ಳು ಶಿಲುಬೆ’ (ಫಾಲ್ಸ್ ಕ್ರಾಸ್). ನಿಜವಾದ ತ್ರಿಶಂಕು ಅದರ ಎಡಕ್ಕಿದೆ, ಚಿಕ್ಕದು, ಆದರೆ ಹೊಳಪು ಜಾಸ್ತಿ. ಗುಚ್ಛ ಇವೆರಡರ ನಡುವೆ, ತ್ರಿಶಂಕುವಿಗೆ ಹತ್ತಿರ. ಫೋಕಸ್ ಕೂಡ ತ್ರಿಶಂಕುವಿನ ನಕ್ಷತ್ರದ ಮೇಲೇ ಮಾಡಿ. ಇನ್ನೊಂದು ಮಾತು: ಗುಡುಗು ಮಳೆ ಬಂದು ಧೂಳು ತೊಳೆದ ಮರುರಾತ್ರಿ ತೆಗೆದದ್ದೇ ನನಗೆ ಚೆನ್ನಾಗಿ ಬಂದಿದೆ. ಅಂಥ ರಾತ್ರಿ ಸಿಕ್ಕರೆ ಕ್ಯಾಮೆರಾ ಹೊರಗಿಡಿ.