ರೆಮಿಂಗ್ಟನ್ 870 ಪಂಪ್ ಗನ್ ಕುದುರೆ (ಟ್ರಿಗರ್) ತುಂಬಾ ಬಿಗಿ, ಹಗುರ ಮಾಡ್ಕೊಳೋದು ಹೆಂಗೆ?

ಓಹಾಯೋ_ಕೊಡಗ:
ಎಲ್ರಿಗೂ ನಮಸ್ಕಾರ. ಕೊಲಂಬಸ್ ಹತ್ರ ಇದೀನಿ, ಗ್ರೀನ್ ಕಾರ್ಡ್ ಬಂದ್ಮೇಲೆ ಹೋದ್ವರ್ಷ ಸೆಕೆಂಡ್ ಹ್ಯಾಂಡ್ 870 ಒಂದು ತಗೊಂಡೆ, 12 ಗೇಜ್, ಜೊತೆಗೆ ಸ್ಲಗ್ (ಚರೆ ಅಲ್ಲ, ಒಂದೇ ದಪ್ಪ ಗುಂಡು) ಹೊಡೆಯೋಕೆ ರೈಫಲ್ಡ್ ಬ್ಯಾರೆಲ್ಲೂ ಕೊಟ್ರು. ವೀಕೆಂಡ್ ಟ್ರ್ಯಾಪ್ (ಹಾರೋ ಮಣ್ಣಿನ ತಟ್ಟೆಗೆ ಹೊಡೆಯೋ ಆಟ) ಆಡ್ತೀನಿ, 25ಕ್ಕೆ 18, 19 ಬೀಳುತ್ತೆ, ಅದ್ರಲ್ಲಿ ಏನೂ ತಕರಾರಿಲ್ಲ. ತೊಂದ್ರೆ ಶುರುವಾಗೋದು ಸ್ಲಗ್ ಹಾಕ್ದಾಗ. ಥ್ಯಾಂಕ್ಸ್‌ಗಿವಿಂಗ್ ಆದ ಸೋಮವಾರದಿಂದ ಇಲ್ಲಿ ಒಂದು ವಾರ ಜಿಂಕೆ ಗನ್ ಸೀಸನ್ನು, ಅದಕ್ಕೇಂತ ಬೆಂಚ್ ಮೇಲೆ ಮರಳಿನ ಚೀಲ ಇಟ್ಟು 75 ಗಜಕ್ಕೆ ಹೊಡೆದ್ರೆ ಐದು ಗುಂಡು ಐದು ಕಡೆ. ಕುದುರೆ ಎಳೀತಾ ಇದ್ರೆ ಸ್ವಲ್ಪ ಜರುಗುತ್ತೆ, ನಿಲ್ಲುತ್ತೆ, ಮತ್ತೆ ಕಿರಕ್ ಅಂತ ಜರುಗುತ್ತೆ, ಅಷ್ಟೊತ್ತಿಗೆ ನನ್ನ ಗುರಿ ಎಲ್ಲೋ ಹೋಗಿರುತ್ತೆ. ಊರಲ್ಲಿ ಕೈಲ್ ಮುಹೂರ್ತಕ್ಕೆ ಅಜ್ಜನ ಜೋಡುನಳಿಗೆ ಕೋವಿ ಹಿಡ್ಕೊಂಡು ತೆಂಗಿನಕಾಯಿ ಉರುಳಿಸಿದೋನು ನಾನು, ಇಲ್ಲಿ ಪೇಪರ್ ಟಾರ್ಗೆಟ್ ಮುಂದೆ ಮಾನ ಹೋಗ್ತಿದೆ.

ಯೂಟ್ಯೂಬಲ್ಲಿ ಒಬ್ಬ ಸಿಯರ್ (ಕುದುರೆ ಎಳೆಯೋವರೆಗೂ ಹ್ಯಾಮರನ್ನ ಹಿಡ್ಕೊಂಡಿರೋ ಕೊಕ್ಕೆ) ಬಿಚ್ಚಿ ನುಣ್ಣನೆ ಕಲ್ಲಲ್ಲಿ ಉಜ್ಜಿ ಹತ್ತೇ ನಿಮಿಷಕ್ಕೆ ಬೆಣ್ಣೆ ಮಾಡ್ಬಿಟ್ಟ. ನಾನೂ ಉಜ್ಜಬಹುದಾ? ಇಲ್ಲಾ ಸ್ಪ್ರಿಂಗ್ ಕಿಟ್ ತಗೊಳ್ಲಾ? ಯಾರಾದ್ರೂ ಮಾಡಿದ್ರೆ ಹೇಳಿ.

ಗೌಡ್ರು_ಟೆಕ್ಸಸ್:
ಕಲ್ಲು ಮುಟ್ಟಬೇಡ ಗುರು. ಮುಟ್ಟಿ ಕೆಟ್ಟೋನು ಹೇಳ್ತಿದೀನಿ. ಸಿಯರ್ರು, ಹ್ಯಾಮರ್ ಹಲ್ಲು ಎರಡೂ ಮೇಲ್ಮೈ ಮಾತ್ರ ಗಟ್ಟಿ ಮಾಡಿರೋ ಉಕ್ಕು, ಆ ಪದರ ತುಂಬಾ ತೆಳು, ಅದನ್ನ ಉಜ್ಜಿ ಹಾಕಿದ್ರೆ ಒಳಗಿನ ಮೆತ್ತನೆ ಲೋಹ ಒಂದಕ್ಕೊಂದು ತಿಕ್ಕಿ ಸವೀತಾ ಹೋಗುತ್ತೆ, ಮೊದಲ ದಿನ ಸ್ವರ್ಗ, ಆರು ತಿಂಗಳಿಗೆ ಕೈಕೊಡುತ್ತೆ. ನಂದೂ ಒಂದು ಪಂಪ್ ಗನ್ನು, ಉಜ್ಜಿ ಖುಷಿಯಾಗಿ ರೇಂಜಿಗೆ ತಗೊಂಡೋಗಿದ್ದೆ. ಒಂದಿನ ತೋಟೆ ಹಾಕಿ ಪಂಪನ್ನ ಜೋರಾಗಿ ಮುಂದೆ ತಳ್ಳಿದ್ದೇ ತಡ ಢಮ್ ಅಂತು, ಬೆರಳು ಕುದುರೆ ಹತ್ರಾನೂ ಇರಲಿಲ್ಲ. ನಳಿಗೆ ಮಣ್ಣಿನ ದಿಬ್ಬದ ಕಡೆ ಇತ್ತು ಅಂತ ಬಚಾವ್. ಪಕ್ಕದ ಲೇನ್ ಅಜ್ಜ ಒಂದು ಮಾತೂ ಆಡದೆ ತನ್ನ ಕುರ್ಚಿ ಎತ್ಕೊಂಡು ಆ ಕಡೆ ಕೊನೆಗೆ ಹೋಗಿ ಕೂತ.

ಇನ್ನೊಂದು, 870ರ ಸೇಫ್ಟಿ ಬಟನ್ ತಡೆಯೋದು ಟ್ರಿಗರ್ ಮಾತ್ರ, ಹ್ಯಾಮರನ್ನೂ ಅಲ್ಲ ಸಿಯರನ್ನೂ ಅಲ್ಲ. ಹಿಡಿತ ಸವೆದಿದ್ರೆ ಸೇಫ್ಟಿ ಹಾಕಿದ್ದೂ ಕೋವಿ ಕೆಳಗೆ ಬಿದ್ದಾಗ ಸಿಡಿಯಬಹುದು. ಕಾಡಲ್ಲಿ ಬೇರು ತೊಡರಿ ಬೀಳೋ ಕೆಲಸ ಇದು, ಯೋಚನೆ ಮಾಡು.

ಹಳೇ_ತೋಟೆ:
ಮೊದಲು ಅಳೆದು ನೋಡಪ್ಪ, ಆಮೇಲೆ ಔಷಧಿ. ಕುದುರೆ ಬಿಗಿ ಅಳೆಯೋ ಲೈಮನ್ ಗೇಜ್ ಇಲ್ದಿದ್ರೂ ನಡೆಯುತ್ತೆ. ಕೋವಿ ಖಾಲಿ ಅಂತ ಚೇಂಬರ್ರೂ ಮ್ಯಾಗಜೀನ್ ಟ್ಯೂಬೂ ಬೆರಳು ಹಾಕಿ ನೋಡಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟೆ) ಹಾಕಿ, ಪಂಪ್ ಎಳೆದು ಹ್ಯಾಮರ್ ಕಾಕ್ ಮಾಡಿ, ನಳಿಗೆ ಮೇಲ್ಮುಖ ನಿಲ್ಸಿ, ಕುದುರೆಗೆ ತಂತಿ ಕೊಕ್ಕೆ ಹಾಕಿ ಅದಕ್ಕೆ ಖಾಲಿ ಹಾಲಿನ ಕ್ಯಾನ್ ತೂಗ್ಹಾಕು. ಮನೆಯವ್ರ ಕೈಲಿ ನಿಧಾನಕ್ಕೆ ನೀರು ಹುಯ್ಸು. ಕ್ಲಿಕ್ ಅಂದಾಗ ನಿಲ್ಸಿ ಕ್ಯಾನನ್ನ ಅಡಿಗೆಮನೆ ತಕ್ಕಡಿ ಮೇಲಿಡು, ಮೂರು ಸಲ ಮಾಡಿ ಸರಾಸರಿ ತೆಗೆ. ಒಂದು ಲೀಟರ್ ಅಂದ್ರೆ 2.2 ಪೌಂಡ್.

ಸೆಕೆಂಡ್ ಹ್ಯಾಂಡ್ ಅಂತೀಯ, ನನಗನ್ನಿಸೋದು ಹಳೇ ಓನರ್ ವರ್ಷಗಟ್ಲೆ ಎಣ್ಣೆ ಸ್ಪ್ರೇ ಹೊಡೆದು ಹೊಡೆದು ಒಳಗೆಲ್ಲ ಬೆಲ್ಲದ ಪಾಕ ಆಗಿರುತ್ತೆ. ಆಕ್ಷನ್ ಮುಚ್ಚಿ, ಹ್ಯಾಮರ್ ಕಾಕ್ ಆಗಿರ್ಲಿ, ಸೇಫ್ಟಿ ಹಾಕು, ಎರಡು ಪಿನ್ ಪಂಚಿಂದ ತಟ್ಟಿ ತೆಗೆದ್ರೆ ಇಡೀ ಟ್ರಿಗರ್ ಗುಂಪು ಕೆಳಗಿಂದ ಕೈಗೆ ಬರುತ್ತೆ. ಅದನ್ನ ಬಿಡಿಬಿಡಿ ಮಾಡೋಕ್ಕೆ ಹೋಗ್ಬೇಡ, ಹಂಗೇ ಸಾಲ್ವೆಂಟಲ್ಲಿ ತೊಳೆದು ಹಲ್ಲುಜ್ಜೋ ಬ್ರಶ್ ಆಡ್ಸಿ ಒಣಗ್ಸಿ ಒಂದೇ ಒಂದು ಹನಿ ಎಣ್ಣೆ ಬಿಡು. ಹೊರಗಿದ್ದಾಗ ಕುದುರೆ ಮಾತ್ರ ಎಳೀಬೇಡ, ಹ್ಯಾಮರ್ ಹೋಗಿ ಹೌಸಿಂಗಿಗೆ ಬಡಿಯುತ್ತೆ. ನಿಂದು ಎಕ್ಸ್‌ಪ್ರೆಸ್ ಮಾಡೆಲ್ ಆಗಿದ್ದು ಪ್ಲಾಸ್ಟಿಕ್ ಹೌಸಿಂಗ್ ಇದ್ರೆ ಬ್ರೇಕ್ ಕ್ಲೀನರ್ ದೂರ ಇಡು.

ಟ್ರ್ಯಾಪಲ್ಲಿ ಯಾಕೆ ಗೊತ್ತಾಗ್ತಿಲ್ಲ ಅಂದ್ರೆ ಅಲ್ಲಿ ಕುದುರೆ ಎಳೆಯಲ್ಲ, ಹೊಡೀತೀವಿ. ತಟ್ಟೆ ಓಡ್ತಿರುತ್ತೆ, ಕೈಯೂ ಓಡ್ತಿರುತ್ತೆ. ಬೆಂಚ್ ಮೇಲೆ ಕೂತ್ರೆ ಎಲ್ಲಾ ಬಂಡವಾಳ ಬಯಲು.

ಬೇ_ಏರಿಯಾ_ಮಾಣಿ:
ಮಧ್ಯ ಬಾಯಿ ಹಾಕ್ತಿದೀನಿ ಸಾರಿ, ನಾನಿನ್ನೂ ಎಚ್-1ಬಿ, ಫ್ರೆಂಡ್ ಜೊತೆ ರೇಂಜಿಗೆ ಹೋಗಿ ಹೊಡೀಬಹುದಲ್ವಾ?

ಗೌಡ್ರು_ಟೆಕ್ಸಸ್:
ಮಾಣಿ, ಸುಮ್ನೆ ಹೋಗ್ಬೇಡ. ನಾನ್-ಇಮಿಗ್ರಂಟ್ ವೀಸಾದವ್ರು ಬಂದೂಕು ಇಟ್ಕೊಳೋದೇ ಫೆಡರಲ್ ಕಾನೂನಲ್ಲಿ ಅಪರಾಧ, ರೇಂಜಲ್ಲಿ ಬಾಡಿಗೆಗೆ ಹಿಡಿದ್ರೂ ಹಿಡಿದಂಗೇ. ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ, ಅದಕ್ಕೆ ಮೊದ್ಲು ಹಂಟರ್ ಕೋರ್ಸ್ ಮಾಡಿ ಲೈಸೆನ್ಸ್ ತಗೋ. ರಾಜ್ಯದ ರೂಲ್ಸ್ ಬೇರೆ ಇರುತ್ತೆ, ಅದನ್ನೂ ಲಾಯರ್ ಹತ್ರ ಕೇಳು. ಒಂದು ವೀಕೆಂಡ್ ಮಜಾಕ್ಕೆ ವೀಸಾ ಕಳ್ಕೋಬೇಡ.

ಮಡಿಕೇರಿ_ಮಳೆ:
ಊರಲ್ಲಿ ಕೂತು ಓದ್ತಿರೋರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇರೋದು ಕೋವಿ ಇಟ್ಕೊಳೋಕೆ, ರಿಪೇರಿ ಮಾಡೋಕಲ್ಲ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ರಿಪೇರಿ ಕಸುಬಿಗೇ ಬೇರೆ ಲೈಸೆನ್ಸ್ ಬೇಕು, ಈ ಥ್ರೆಡ್ ನೋಡ್ಕೊಂಡು ಪಕ್ಕದ ಮನೆಯವರ ಕೋವಿ ಬಿಚ್ಚೋಕೆ ಕೂರಬೇಡಿ.

ಓಹಾಯೋ_ಕೊಡಗ:
ಅಪ್ಡೇಟ್. ಹಾಲಿನ ಕ್ಯಾನ್ ಐಡಿಯಾ ಮಾಡ್ದೆ, ಹೆಂಡ್ತಿ ನೀರು ಹುಯ್ತಾ ಹುಯ್ತಾ "ಇದಕ್ಕಾ ಅಮೆರಿಕಾಕ್ಕೆ ಬಂದಿದ್ದು" ಅಂದ್ಳು. ಏಳೂವರೆ ಪೌಂಡ್! ಕೋವಿ ತೂಕಾನೇ ಏಳು ಚಿಲ್ರೆ, ಇನ್ನು ಅಲುಗಾಡದೆ ಇರುತ್ತಾ. ಗುಂಪು ಹೊರಗೆ ತೆಗೆದ್ರೆ ಹಳೇ_ತೋಟೆ ಸಾರ್ ಹೇಳಿದ್ದೇ ಸರಿ, ಸಿಯರ್ ಸುತ್ತ ಕಂದು ಅಂಟು, ಅದ್ರೊಳಗೆ ಒಂದು ಒಣಗಿದ ಹುಲ್ಲಿನ ಬೀಜ ಬೇರೆ ಕೂತಿತ್ತು. ತೊಳೆದ್ಮೇಲೆ ಆರು ಪೌಂಡ್, ಆ ಕಿರಕ್ ಮುಕ್ಕಾಲು ಪಾಲು ಹೋಯ್ತು. ಇನ್ನೂ ಇಳಿಸ್ಲಾ?

ಹಳೇ_ತೋಟೆ:
ಇಳಿಸೋದಾದ್ರೆ ರೆಡಿ ಸಿಯರ್-ಸ್ಪ್ರಿಂಗ್ ಕಿಟ್ ತಗೋ, ಟಿಮ್ನಿ ಕಂಪ್ನಿದೂ ಇದೆ, ವೋಲ್ಕ್‌ವಾರ್ಟ್‌ಸನ್‌ದೂ ಇದೆ. ಸ್ಪ್ರಿಂಗ್ ಕತ್ತರಿಸೋ ಬುದ್ಧಿ ಬೇಡ. ಗನ್‌ಸ್ಮಿತ್ ಹತ್ರ ಹಾಕ್ಸು, ಬೇಟೆ ಕೋವಿಗೆ ನಾಲ್ಕು ನಾಲ್ಕೂವರೆ ಪೌಂಡ್ ಸಾಕು, ಚಳಿಗೆ ಗ್ಲೌಸ್ ಹಾಕಿರ್ತೀಯ, ಬೆರಳಿಗೆ ಅಂದಾಜು ಸಿಗಲ್ಲ. ವಾಪಸ್ ಬಂದ್ಮೇಲೆ ಖಾಲಿ ಕೋವೀಲಿ ನೀನೇ ಚೆಕ್ ಮಾಡು: ಪಂಪ್ ಜೋರಾಗಿ ಹತ್ತು ಸಲ ಬಡಿ, ಕಾಕ್ ಮಾಡಿ ಹಿಡಿಯನ್ನ ರಬ್ಬರ್ ಮ್ಯಾಟ್ ಮೇಲೆ ಕುಟ್ಟು, ಸೇಫ್ಟಿ ಹಾಕಿ ಕುದುರೆ ಗಟ್ಟಿ ಎಳೆದು ಬಿಟ್ಟು ಸೇಫ್ಟಿ ತೆಗಿ. ಯಾವುದ್ರಲ್ಲೂ ಹ್ಯಾಮರ್ ಬೀಳಬಾರ್ದು. ಬಿತ್ತಾ, ತೋಟೆ ಹಾಕದೆ ವಾಪಸ್ ಕೊಡು.

ಮತ್ತೆ ಇನ್ನೊಂದು ಪರೀಕ್ಷೆ. ಫ್ರೆಂಡ್ ಕೈಲಿ ತೋಟೆ ತುಂಬ್ಸು, ನಡುವೆ ಎಲ್ಲೋ ಒಂದು ಸ್ನ್ಯಾಪ್ ಕ್ಯಾಪ್ ಸೇರಿಸ್ಲಿ, ನಿನಗೆ ಹೇಳಬಾರ್ದು. ಬರೀ ಕ್ಲಿಕ್ ಅಂದಾಗಲೂ ನಳಿಗೆ ಜರುಗಿದ್ರೆ ತಪ್ಪು ಕುದುರೇದಲ್ಲ, ಒದೆತಕ್ಕೆ ಹೆದರಿ ಬೆಚ್ಚೋ ನಿಂದು.

ಓಹಾಯೋ_ಕೊಡಗ:
ಕಿಟ್ ಹಾಕಿಸ್ದೆ, 4.25 ಬಂತು, ಚೆಕ್ ಎಲ್ಲಾ ಪಾಸ್. 75 ಗಜಕ್ಕೆ ಈಗ ಮೂರು ಗುಂಡು ಅಂಗೈ ಅಗಲ, ಒಂದು ಮಾತ್ರ ಕೆಳಗೆ. ಆಮೇಲೆ ಆ ಸ್ನ್ಯಾಪ್ ಕ್ಯಾಪ್ ಆಟಾನೂ ಆಡಿದ್ವಿ. ಕ್ಲಿಕ್ ಅಂತು, ಶಬ್ದ ಇಲ್ಲ ಒದೆತ ಇಲ್ಲ, ಆದ್ರೂ ನಳಿಗೆ ತುದಿ ಎರಡಿಂಚು ಕೆಳಗೆ ಮುಗ್ಗರಿಸ್ತು, ನನ್ನ ಕಣ್ಣು ಪೂರ್ತಿ ಮುಚ್ಚಿತ್ತಂತೆ, ಫ್ರೆಂಡ್ ವಿಡಿಯೋ ಮಾಡಿದಾನೆ, ಇಲ್ಲಿ ಹಾಕಲ್ಲ.