ದೀಪಾವಳಿಗೆ ಬೆಂಗಳೂರು–ಪುತ್ತೂರು–ಉಡುಪಿ ಕಾರಿನಲ್ಲಿ: ಅನುಭವ ಇರುವವರು ತಿಳಿಸಿ

ಪ್ರಶ್ನೆ: ಹಬ್ಬಕ್ಕೆ 4 ದಿನ ರಜೆ ಇದೆ. ಪುತ್ತೂರಿನಲ್ಲಿ ತವರು, ಉಡುಪಿಯಲ್ಲಿ ಕಾಲೇಜಿನ ಮೂವರು ಗೆಳತಿಯರು. ಸಣ್ಣ ಪೆಟ್ರೋಲ್ ಕಾರು. 70 ದಾಟಿದ ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಜನ. ದಾರಿ, ಹೊರಡುವ ಹೊತ್ತು, ಗಾಡಿಯ ತಯಾರಿ ಹೇಗಿರಬೇಕು?

ಹಾಸನದಿಂದ ಉತ್ತರ: ನೀರು ತುಂಬುವ ಹಬ್ಬದ ಸಂಜೆಯೊಳಗೆ ಪುತ್ತೂರು ಸೇರಿಕೊಳ್ಳಿ. ಮರುದಿನ ಬೆಳಗಿನ ಜಾವವೇ ಎಣ್ಣೆಸ್ನಾನ, ಅಂದು ದಾರಿಯಲ್ಲಿದ್ದರೆ ಹೋಗಿದ್ದೇ ದಂಡ. ಪುತ್ತೂರಿಗೆ ಸುಮಾರು 310 ಕಿ.ಮೀ. ಬೆಳಗ್ಗೆ 4.30ಕ್ಕೆ ಮನೆ ಬಿಡಿ. 6 ದಾಟಿದರೆ ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೇ ಒಂದೂವರೆ ತಾಸು ಹೋದೀತು. ನಗರದ ಪಶ್ಚಿಮದಲ್ಲಿದ್ದರೆ ಮಾಗಡಿ ಮೇಲೆ ಕುಣಿಗಲ್ ಸೇರುವುದು ವಾಸಿ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಟ್ಯಾಗ್ ಕೆಲಸ ಮಾಡದಿದ್ದರೆ ಟೋಲ್ ಹೆಚ್ಚು ಬೀಳುತ್ತದೆ, ಯುಪಿಐಗೆ ಒಂದೂಕಾಲು ಪಟ್ಟು ಕೊಡಬೇಕು. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಕರೆ ಮಾಡಿ.

ಮೆಕ್ಯಾನಿಕ್ ಒಬ್ಬರಿಂದ: ಶಿರಾಡಿ ಘಾಟಿ ನಿಮಗೆ ಹೋಗುವಾಗ ಇಳಿಜಾರು, ಗಾಡಿ ಪೂರ್ತಿ ತುಂಬಿರುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ಬ್ರೇಕ್. ಬ್ರೇಕ್ ಆಯಿಲ್ ಬದಲಿಸಿ 2 ವರ್ಷ ಆಗಿದ್ದರೆ ಈಗಲೇ ಹೊಸದು ಹಾಕಿಸಿ. ಹಳೆಯ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ, ಬಿಸಿಗೆ ಬೇಗ ಕುದಿಯುತ್ತದೆ, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಸಕಲೇಶಪುರ ದಾಟಿ ದೋಣಿಗಾಲ್‌ನಿಂದ ಎರಡು ಅಥವಾ ಮೂರನೇ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಬೇಡವೇ ಬೇಡ. ಬ್ರೇಕನ್ನು ಒತ್ತಿಯೇ ಇಟ್ಟುಕೊಳ್ಳದೆ, ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ 20 ನಿಮಿಷ ನಿಲ್ಲಿಸಿ, ಚಕ್ರಕ್ಕೆ ನೀರು ಹುಯ್ಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

ಟಯರಿನ ಗಾಳಿ ಎಷ್ಟೆಂದು ಚಾಲಕರ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ಅದರಲ್ಲಿ ಪೂರ್ತಿ ಭಾರಕ್ಕೆ ಕೊಟ್ಟ ಅಂಕಿಯನ್ನೇ ಹಿಡಿಯಿರಿ, ಟಯರ್ ತಣ್ಣಗಿದ್ದಾಗ ತುಂಬಿಸಿ. ಓಡಿದ ಮೇಲೆ ನಾಲ್ಕೈದು ಪಿಎಸ್‌ಐ ಏರುವುದು ಸಹಜ, ಇಳಿಸಬೇಡಿ. ಸ್ಟೆಪ್ನಿಗೂ ಹಾಕಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಪುತ್ತೂರಿನಿಂದ: ದೀಪಾವಳಿ ಹೊತ್ತಿಗೆ ಕರಾವಳಿಯಲ್ಲಿ ಸಂಜೆ ಗುಡುಗು ಮಳೆ ಇನ್ನೂ ಮುಗಿದಿರುವುದಿಲ್ಲ. ಮಧ್ಯಾಹ್ನದೊಳಗೆ ಘಾಟಿ ಇಳಿದುಬಿಡಿ. ಅತ್ತೆಯವರಿಗೆ ಒಂದೂವರೆ ತಾಸಿಗೊಮ್ಮೆ ಇಳಿದು ನಡೆಯಲು ಬಿಡಿ, ಇಲ್ಲವಾದರೆ ಕಾಲು ಊದಿಕೊಳ್ಳುತ್ತದೆ. ಅವರ ಮಾತ್ರೆ ಡಿಕ್ಕಿಯಲ್ಲಿ ಬೇಡ, ಕೈಚೀಲದಲ್ಲಿರಲಿ. ಸಕಲೇಶಪುರ ಬಿಟ್ಟರೆ ಗುಂಡ್ಯದವರೆಗೆ ಒಳ್ಳೆಯ ಶೌಚಾಲಯ ಸಿಗುವುದು ಕಷ್ಟ, ಅಲ್ಲೇ ಮುಗಿಸಿಕೊಳ್ಳಿ. ಮಕ್ಕಳಿಗೆ ತಿಂಡಿ ಎರಡು ಇಡ್ಲಿ ಸಾಕು, ಪೂರಿ ಬೇಡ. ತಿರುವುಗಳಲ್ಲಿ ಮೊಬೈಲ್ ನೋಡಿದರೆ ವಾಂತಿ ಖಂಡಿತ. ವಾಂತಿ ಮಾತ್ರೆಯ ಪ್ರಮಾಣವನ್ನು ವೈದ್ಯರ ಬಳಿ ಕೇಳಿಟ್ಟುಕೊಂಡು, ಘಾಟಿಗೆ ಅರ್ಧ-ಮುಕ್ಕಾಲು ಗಂಟೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಉಡುಪಿಯಿಂದ: ಪುತ್ತೂರಿನಿಂದ ಇಲ್ಲಿಗೆ ನೂರು ಕಿ.ಮೀ. ಮೇಲಿದೆ. ಬೆಳಗ್ಗೆ ಬಂದು ಸಂಜೆ ವಾಪಸು ಹೋದರೆ ಐದಾರು ತಾಸು ಕಾರಿನಲ್ಲೇ ಕಳೆಯುತ್ತದೆ. ಮೂರು ಮನೆ, ಮೂರು ಊಟ ಎಂದು ಒಪ್ಪಿಕೊಳ್ಳಬೇಡಿ, ಮೂವರನ್ನೂ ಒಬ್ಬರ ಮನೆಗೆ ಕರೆಸಿ. ಪಾಡ್ಯದ ಸಂಜೆ ಬಿಟ್ಟುಬಿಡಿ, ಆಗ ಎಲ್ಲರ ಮನೆಯಲ್ಲೂ ಗೋಪೂಜೆ, ಬಲೀಂದ್ರ ಪೂಜೆಯ ಗಡಿಬಿಡಿ. ಒಂದು ರಾತ್ರಿ ಉಳಿದು, ಕಾರ್ಕಳ–ಬೆಳ್ತಂಗಡಿ–ಉಜಿರೆ–ಚಾರ್ಮಾಡಿ–ಮೂಡಿಗೆರೆ–ಬೇಲೂರು ದಾರಿಯಲ್ಲಿ ಮರಳಿದರೆ ಮತ್ತೆ ಪುತ್ತೂರಿಗೆ ಹೋಗುವುದು ತಪ್ಪುತ್ತದೆ. ಚಾರ್ಮಾಡಿ ಕಿರಿದು, ಹಗಲಲ್ಲೇ ಹತ್ತಿ. ಮಳೆ ಜೋರಿದ್ದರೆ ಶಿರಾಡಿ, ಚಾರ್ಮಾಡಿ ಎರಡೂ ತೆರೆದಿವೆಯೇ ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಮತ್ತೆ ಮೆಕ್ಯಾನಿಕ್: ಹಾಗಾದರೆ ತವರಿನ ಸಾಮಾನು ಉಡುಪಿಗೂ ಜೊತೆಗೇ ಬರುತ್ತದೆ, ಅಮ್ಮನಿಗೆ ಮೊದಲೇ ಹೇಳಿಡಿ. ಸುಲಿದ 50 ತೆಂಗಿನಕಾಯಿ ಎಂದರೆ 25–30 ಕಿಲೋ. ಅದು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿಕೊಂಡಿರಲಿ. ಹಿಂದಿನ ಗಾಜಿನ ಎತ್ತರಕ್ಕೆ ಪೇರಿಸಿದರೆ ಜೋರು ಬ್ರೇಕಿಗೆ ಮಕ್ಕಳ ತಲೆಯ ಮೇಲೆ ಬರುತ್ತದೆ. ಉಪ್ಪಿನಕಾಯಿ ಬಾಟಲಿಯನ್ನು ಎರಡು ಬೆರಳು ಖಾಲಿ ಬಿಟ್ಟು ಮುಚ್ಚಿ, ಬಕೆಟಿನಲ್ಲಿ ನೆಟ್ಟಗೆ ನಿಲ್ಲಿಸಿ ಸುತ್ತ ಹಳೆ ಬಟ್ಟೆ ತುರುಕಿ.