ಥ್ರೆಡ್‌ಗಳ ನಡುವಿನ ಮೆಸೇಜ್ ಕ್ಯೂ ವಿಳಂಬವನ್ನು ಅಳೆಯುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ (ಕಾರವಾರ):
ಕಾಳಿ ನದಿ ಸಮುದ್ರ ಸೇರುವಲ್ಲಿ ಉಬ್ಬರವಿಳಿತದ ಮಟ್ಟ ದಾಖಲಿಸಲು ಸಣ್ಣ ಲಿನಕ್ಸ್ ಬೋರ್ಡೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಸೆನ್ಸರ್ ಓದುವ ಥ್ರೆಡ್ (ಪ್ರೋಗ್ರಾಮಿನೊಳಗೆ ಬೇರೆಯಾಗಿ ಸಾಗುವ ಕೆಲಸದ ಎಳೆ) ಪಾಸಿಕ್ಸ್ ಮೆಸೇಜ್ ಕ್ಯೂ (ಸಂದೇಶಗಳು ಕಾಯುವ ಸರದಿ ಸಾಲು) ಮೂಲಕ ಇನ್ನೊಂದು ಥ್ರೆಡ್‌ಗೆ ಸಂದೇಶ ಕಳಿಸುತ್ತದೆ. ಎರಡೂ ತುದಿಗಳಲ್ಲಿ ಗೆಟ್‌ಟೈಮ್‌ಆಫ್‌ಡೇ (ಸಮಯ ಕೊಡುವ ಫಂಕ್ಷನ್) ಕರೆದು ಎರಡು ಸಮಯಗಳ ವ್ಯತ್ಯಾಸ ತೆಗೆದರೆ ಒಮ್ಮೊಮ್ಮೆ ಋಣಾತ್ಮಕ ಸಂಖ್ಯೆ ಬರುತ್ತದೆ. ಕಾರಣವೇನಿರಬಹುದು?

ಉತ್ತರ (ಕುಮಟಾ):
ಆ ಕರೆ ಕೊಡುವುದು ಗೋಡೆ ಗಡಿಯಾರದ ಸಮಯವನ್ನು. ನಮ್ಮ ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗಿ ಬಂದಾಗ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಅದನ್ನು ಹಿಂದಕ್ಕೂ ಸರಿಸಬಹುದು. ಎಂದೂ ಹಿಂದಕ್ಕೆ ಹೋಗದ ಗಡಿಯಾರವಾದ ಕ್ಲಾಕ್ ಮೊನೊಟೋನಿಕ್ ಬಳಸಿ, ಕಳಿಸುವ ಕ್ಷಣದ ಸಮಯವನ್ನು ಸಂದೇಶದೊಳಗೇ ಇಡಿ. ಅಳತೆಯ ಲೂಪಿನೊಳಗೆ ಪ್ರಿಂಟ್‌ಎಫ್ ಬೇಡವೇ ಬೇಡ. ಮೊದಲೇ ಕಾದಿರಿಸಿದ ಅರೇಯಲ್ಲಿ ಬರೆದಿಟ್ಟು ಕೊನೆಗೆ ಮುದ್ರಿಸಿ.

ಉತ್ತರ (ಶಿರಸಿ):
ಗಡಿಯಾರ ಸರಿಹೋದರೂ ನೀವು ಅಳೆಯುತ್ತಿರುವುದು ಕ್ಯೂವನ್ನೋ ಶೆಡ್ಯೂಲರನ್ನೋ (ಯಾವ ಥ್ರೆಡ್ ಯಾವಾಗ ಓಡಬೇಕೆಂದು ನಿರ್ಧರಿಸುವ ಭಾಗ) ಎಂಬ ಪ್ರಶ್ನೆ ಉಳಿಯುತ್ತದೆ. ಪ್ರೊಸೆಸರಿನ ಒಂದೇ ಕೋರ್‌ನಲ್ಲಿ ಪಡೆಯುವ ಥ್ರೆಡ್‌ನ ಆದ್ಯತೆ ಕಳಿಸುವುದಕ್ಕಿಂತ ಕಡಿಮೆಯಿದ್ದರೆ, ಕಳಿಸುವ ಥ್ರೆಡ್ ನಿದ್ರೆಗೆ ಜಾರುವವರೆಗಿನ ಕಾಯುವಿಕೆಯೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಕ್ಯೂದಲ್ಲಿ ಹಳೆಯ ಸಂದೇಶಗಳು ಬಾಕಿಯಿದ್ದರೂ ಹಾಗೆಯೇ. ಲಿನಕ್ಸ್‌ನಲ್ಲಿ ಪೂರ್ವನಿಯೋಜಿತ ಮಿತಿ 10 ಸಂದೇಶಗಳು, ಆದ್ದರಿಂದ ಪ್ರತಿ ಬಾರಿ ಬಾಕಿಯ ಸಂಖ್ಯೆಯನ್ನೂ ದಾಖಲಿಸಿ. ಸರಾಸರಿಯನ್ನು ನಾನಂತೂ ನಂಬುವುದಿಲ್ಲ. ರಿಯಲ್-ಟೈಮ್ (ಗಡುವಿನೊಳಗೆ ಕೆಲಸ ಮುಗಿಸಲೇಬೇಕಾದ) ವ್ಯವಸ್ಥೆಯಲ್ಲಿ ಗರಿಷ್ಠ ಮೌಲ್ಯವೇ ಮುಖ್ಯ, ಅದೂ ಡಿಸ್ಕ್ ಮತ್ತು ನೆಟ್‌ವರ್ಕ್ ಮೇಲೆ ಹೊರೆ ಹಾಕಿದಾಗ ಸಿಕ್ಕಿದ್ದು.

ಪ್ರಶ್ನೆ ಕೇಳಿದವರು:
ಮೊನೊಟೋನಿಕ್‌ಗೆ ಬದಲಿಸಿದ ಮೇಲೆ ಋಣಾತ್ಮಕ ಸಂಖ್ಯೆಗಳು ನಿಂತವು. ಆದರೆ ಹೊರೆಯಿದ್ದಾಗ ಆಗೊಮ್ಮೆ ಈಗೊಮ್ಮೆ ಸುಮಾರು 50 ಮಿಲಿಸೆಕೆಂಡಿನ ಜಿಗಿತ ಕಾಣುತ್ತಿದೆ.

ಉತ್ತರ (ಶಿರಸಿ):
ಯಾವುದಾದರೂ ಫೀಫೊ ಥ್ರೆಡ್ (ರಿಯಲ್-ಟೈಮ್ ಆದ್ಯತೆಯಲ್ಲಿ ಓಡುವಂಥದ್ದು) ಬಿಡುವಿಲ್ಲದೆ ಸುತ್ತುತ್ತಿದೆಯೇ ನೋಡಿ. ಕರ್ನಲ್ (ಲಿನಕ್ಸ್‌ನ ತಿರುಳು) ಪೂರ್ವನಿಯೋಜಿತವಾಗಿ ರಿಯಲ್-ಟೈಮ್ ಕೆಲಸಗಳಿಗೆ ಪ್ರತಿ ಸೆಕೆಂಡಿನಲ್ಲಿ 950 ಮಿಲಿಸೆಕೆಂಡ್ ಮಾತ್ರ ಕೊಡುತ್ತದೆ. ನಿಮ್ಮ 50 ಅಲ್ಲಿಂದಲೇ ಬಂದಂತಿದೆ.